ಸ್ಟೆಬಿಲೈಸರ್ ಹಿಚ್ ಬಳಸುವವರ ಟೋಬಾಲ್ ಸವೆತ: ಗುರುತು ನೋಡಿ ಕಾರಣ ಹಿಡಿಯುವ ಬಗೆ

ಕ್ಯಾರವಾನನ್ನು, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಗಾಡಿಯನ್ನು, ಕಳಚಿ ನಿಲ್ಲಿಸಿದ ಮೇಲೆ ಟೋಬಾಲನ್ನು, ಅಂದರೆ ಅದನ್ನು ಜೋಡಿಸುವ ಕಾರಿನ ಹಿಂಬದಿಯ ಉಕ್ಕಿನ ಗುಂಡನ್ನು, ಬಟ್ಟೆಯಿಂದ ಒರೆಸಿ ನೋಡಿದಾಗ, ಗುಂಡಿನ ಒಂದು ಮಗ್ಗುಲು ಚಪ್ಪಟೆಯಾದಂತೆಯೋ, ಅದರ ಮೈಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳು ಎದ್ದಂತೆಯೋ ಕಂಡರೆ, ಹೆಚ್ಚಿನವರ ಕೈ ಮೊದಲು ಹೋಗುವುದು ಗ್ರೀಸ್ ಡಬ್ಬಿಯ ಕಡೆಗೆ. ಗುಂಡಿನ ಮೇಲೆ ಕೂರುವ ಸಾಮಾನ್ಯ ಟ್ರೇಲರಿನ ಕಪ್ಲಿಂಗಿಗೆ ಅದು ಸರಿಯಾದ ಮದ್ದು. ಗುಂಡನ್ನು ಬಿಗಿಯಾಗಿ ಹಿಡಿದು ಕ್ಯಾರವಾನಿನ ತೂಗಾಟ ತಡೆಯುವ ಸ್ಟೆಬಿಲೈಸರ್ ಹಿಚ್‌ಗೆ ಮಾತ್ರ ಅದು ರೋಗಕ್ಕಿಂತ ಕೆಟ್ಟದ್ದು. ಗ್ರೀಸ್ ಬಿದ್ದ ಕ್ಷಣದಿಂದ ಹಿಚ್ ತನ್ನ ಮುಖ್ಯ ಕೆಲಸವನ್ನೇ ನಿಲ್ಲಿಸುತ್ತದೆ, ಆದರೆ ಸವೆತದ ಮೂಲಕಾರಣ ಇದ್ದಲ್ಲೇ ಉಳಿಯುತ್ತದೆ. ಆದ್ದರಿಂದ ಏನನ್ನಾದರೂ ಹಚ್ಚುವ ಮೊದಲು ಗುಂಡಿನ ಮೇಲಿನ ಗುರುತುಗಳು ಯಾವ ಜಾಗದಲ್ಲಿವೆ, ಯಾವ ಬಗೆಯವು ಎಂಬುದನ್ನು ನಿಧಾನವಾಗಿ ನೋಡಬೇಕು. ಕಾರಣ ಯಾವುದು ಎಂಬುದನ್ನು ಬಹುಪಾಲು ಸಂದರ್ಭಗಳಲ್ಲಿ ಆ ಗುರುತುಗಳೇ ಹೇಳುತ್ತವೆ.

ಸವೆಯಬೇಕಾದದ್ದು ಪ್ಯಾಡ್, ಗುಂಡಲ್ಲ

ಸ್ಟೆಬಿಲೈಸರ್ ಹಿಚ್‌ನ ಬಟ್ಟಲಿನೊಳಗೆ ಬ್ರೇಕ್ ಲೈನಿಂಗ್ ಅನ್ನು ಹೋಲುವ ಘರ್ಷಣೆಯ ಪ್ಯಾಡುಗಳಿರುತ್ತವೆ. ಹಿಡಿಕೆಯನ್ನು ಒತ್ತಿ ಕೂರಿಸಿದಾಗ ಈ ಪ್ಯಾಡುಗಳು ಗುಂಡನ್ನು ಬಿಗಿಯಾಗಿ ಅವುಚಿಕೊಳ್ಳುತ್ತವೆ. ಕ್ಯಾರವಾನ್ ಬಾಲ ಆಡಿಸಲು ಹೊರಟಾಗ, ಅಂದರೆ ಎಡಕ್ಕೂ ಬಲಕ್ಕೂ ತೂಗಾಡಲು ತೊಡಗಿದಾಗ, ಆ ಚಲನೆಯ ಶಕ್ತಿಯನ್ನು ಈ ಘರ್ಷಣೆಯೇ ಹೀರಿಕೊಂಡು ತಗ್ಗಿಸುತ್ತದೆ. ಆಲ್ಕೋ ಎಕೆಎಸ್ 3004 ಮಾದರಿಯಲ್ಲಿ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹೀಗೆ ನಾಲ್ಕು ಪ್ಯಾಡುಗಳಿದ್ದರೆ, ವಿಂಟರ್‌ಹಾಫ್ ಡಬ್ಲ್ಯೂಎಸ್ 3000 ಮಾದರಿಯಲ್ಲಿ ಎಡಬಲದ ಎರಡು ಪ್ಯಾಡುಗಳಷ್ಟೇ ಇರುತ್ತವೆ. ಕಾರಣ ಹುಡುಕುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ನಾಲ್ಕು ಪ್ಯಾಡಿನ ಹಿಚ್‌ನಲ್ಲಿ ಎಳೆತದ ಒತ್ತಡವೂ ಬ್ರೇಕಿನ ಒತ್ತಡವೂ ಪ್ಯಾಡಿನ ಮೂಲಕವೇ ಗುಂಡಿಗೆ ತಲುಪುತ್ತವೆ. ಎರಡು ಪ್ಯಾಡಿನದರಲ್ಲಿ ಗುಂಡಿನ ಮುಂದೆ ಮತ್ತು ಹಿಂದೆ ಲೋಹಕ್ಕೆ ಲೋಹ ತಾಗಲು ಅವಕಾಶವಿದೆ.

ಪ್ಯಾಡ್ ಗುಂಡಿಗಿಂತ ಮೆತ್ತನೆಯ ವಸ್ತು. ಎರಡೂ ಶುಚಿಯಾಗಿದ್ದರೆ ಸವೆತ ಪ್ಯಾಡಿನ ಪಾಲಿಗೆ ಬರುತ್ತದೆ, ಗುಂಡು ಮಿರುಗುತ್ತದೆ ಅಷ್ಟೆ. ಗುಂಡೇ ಸವೆಯುತ್ತಿದೆ ಎಂದಾದರೆ ಎರಡರಲ್ಲಿ ಒಂದು ನಡೆದಿರಬೇಕು: ಎಲ್ಲೋ ಉಕ್ಕು ನೇರವಾಗಿ ಉಕ್ಕಿಗೆ ತಾಗುತ್ತಿದೆ, ಇಲ್ಲವೇ ಪ್ಯಾಡಿನ ಮುಖದಲ್ಲಿ ತುಕ್ಕಿನ ಕಣ, ಮರಳು, ಬಣ್ಣದ ಚಕ್ಕೆಯಂಥ ಗಟ್ಟಿ ವಸ್ತು ಹುದುಗಿಕೊಂಡು ಗುಂಡನ್ನು ಸಾಣೆ ಹಿಡಿದಂತೆ ಉಜ್ಜುತ್ತಿದೆ. ಮುಂದಿನ ಪರೀಕ್ಷೆಗಳೆಲ್ಲವೂ ಈ ಎರಡರಲ್ಲಿ ಯಾವುದು, ಅದೂ ಎಲ್ಲಿ ಎಂದು ತಿಳಿಯುವುದಕ್ಕಾಗಿಯೇ ಇವೆ.

ಮೊದಲು ಅಳತೆ

ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಹೊಳೆಯುವ ಪಟ್ಟಿಯೊಂದು ಕಂಡ ಮಾತ್ರಕ್ಕೆ ಗುಂಡು ಸವೆದಿದೆ ಎನ್ನಲಾಗದು. ಪ್ಯಾಡುಗಳು ತಾಗುವ ಕಡೆ ಕನ್ನಡಿಯಂಥ ಹೊಳಪು ಬರುವುದು ಸಹಜ, ಒಳ್ಳೆಯ ಲಕ್ಷಣವೂ ಹೌದು. ಉಗುರನ್ನು ಆ ಹೊಳಪಿನ ಮೇಲೆ ಅಡ್ಡಲಾಗಿ ಎಳೆದಾಗ ಎಲ್ಲಿಯೂ ತಡೆಯದೆ ಜಾರಿದರೆ ಚಿಂತೆಯಿಲ್ಲ. ಹೊಳಪಿನ ಅಂಚಿನಲ್ಲಿ ಮೆಟ್ಟಿಲಿನಂಥ ಏರಿಳಿತ ಸಿಕ್ಕರೆ, ಅಥವಾ ಗೀರಿನೊಳಗೆ ಉಗುರು ಇಳಿದರೆ, ವ್ಯಾಸ ಅಳೆಯುವ ಕ್ಯಾಲಿಪರ್ ಕೈಗೆತ್ತಿಕೊಳ್ಳಬೇಕು.

ಯುರೋಪಿನ ಮಾನದ ಗುಂಡಿನ ಹೆಸರಳತೆ 50 ಮಿ.ಮೀ. ವರ್ನಿಯರ್ ಕ್ಯಾಲಿಪರಿನ ದವಡೆಗಳನ್ನು ಗುಂಡಿನ ನಡುಸುತ್ತಿಗೆ ಸರಿಯಾಗಿ ಹಿಡಿದು, ಮೊದಲು ಎಡಬಲವಾಗಿ, ಆಮೇಲೆ ಹಿಂದುಮುಂದಾಗಿ ಅಳೆಯಬೇಕು. ದವಡೆ ಸ್ವಲ್ಪ ಓರೆಯಾದರೂ ಓದು ತಪ್ಪುವುದರಿಂದ ಪ್ರತಿಯೊಂದು ದಿಕ್ಕಿನಲ್ಲೂ ಮೂರು ಬಾರಿ ಅಳೆದು ಅತಿ ಹೆಚ್ಚಿನ ಓದನ್ನು ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಗುಂಡಿನ ನಿಜವಾದ ವ್ಯಾಸಕ್ಕೆ ಸಿಗುವುದು ಅದೇ. ಬಳಿಕ ನಡುಸುತ್ತಿಗಿಂತ ತುಸು ಮೇಲೆ, ತುಸು ಕೆಳಗೆ, ಗೀರು ಕಂಡಲ್ಲಿ ಓರೆಯಾಗಿ ಕೂಡ ಅಳೆಯಬೇಕು. ಎಡಬಲದಲ್ಲಿ 49.9 ಮಿ.ಮೀ. ಇದ್ದು ಹಿಂದುಮುಂದಿನಲ್ಲಿ 49.6 ಮಿ.ಮೀ. ಬಂದರೆ ಗುಂಡು ಮೊಟ್ಟೆಯ ಆಕಾರಕ್ಕೆ ತಿರುಗುತ್ತಿದೆ ಎಂದರ್ಥ. ಒಟ್ಟು ವ್ಯಾಸಕ್ಕಿಂತ ಈ ವ್ಯತ್ಯಾಸವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ; ಸವೆತ ಒಂದು ದಿಕ್ಕಿನದು ಎಂದು ಅದು ತೋರಿಸಿಕೊಡುತ್ತದೆ. ಅಳತೆಯ ಜೊತೆಗೆ ದಿನಾಂಕವನ್ನೂ ಕಾರಿನ ಕಿಲೋಮೀಟರ್ ಓದನ್ನೂ ಬರೆದಿಟ್ಟರೆ, ಮುಂದಿನ ಬಾರಿ ಅಳೆದಾಗ ಸವೆತ ನಿಂತಿದೆಯೋ ಮುಂದುವರಿದಿದೆಯೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ಟೋಬಾರ್ (ಗುಂಡನ್ನು ಕಾರಿಗೆ ಹಿಡಿದಿಡುವ ಚೌಕಟ್ಟು) ತಯಾರಕರು ಸಾಮಾನ್ಯವಾಗಿ ತಮ್ಮ ಕೈಪಿಡಿಯಲ್ಲಿ ಕೊಡುವ ಮಿತಿ 49 ಮಿ.ಮೀ. ಗುಂಡಿನ ಯಾವುದೇ ಒಂದು ಜಾಗದಲ್ಲಿ ವ್ಯಾಸ ಅದಕ್ಕಿಂತ ಕಡಿಮೆಯಾದರೆ ಅದನ್ನು ಬಳಸುವಂತಿಲ್ಲ. ಸ್ಟೆಬಿಲೈಸರ್ ತಯಾರಕರು ಇದಕ್ಕಿಂತ ಬಿಗಿಯಾದ ಮಿತಿಯನ್ನು ಕೇಳುವುದುಂಟು. ಹಾಗಿದ್ದರೆ ಎರಡರಲ್ಲಿ ಬಿಗಿಯಾದದ್ದನ್ನೇ ಪಾಲಿಸಬೇಕು. ಅಮೆರಿಕದ 2 ಇಂಚಿನ ಗುಂಡು 50.8 ಮಿ.ಮೀ. ಇರುವುದರಿಂದ ಅದನ್ನು 50 ಮಿ.ಮೀ. ಹಿಚ್‌ಗೆ ಜೋಡಿಸಬಾರದು. ಹಳೆಯ ವಾಹನವನ್ನು ಇನ್ನೊಬ್ಬರಿಂದ ಕೊಂಡವರು ಗುಂಡಿನ ಅಳತೆಯನ್ನು ಒಮ್ಮೆ ಖಚಿತಪಡಿಸಿಕೊಳ್ಳಬೇಕು.

ಗುರುತು ಎಲ್ಲಿದೆ?

ಕಾರಿನ ಕಡೆಗೆ ಇರುವ ಮುಖ ಎಳೆತದ ಹೊರೆಯನ್ನು ಹೊರುತ್ತದೆ. ಕ್ಯಾರವಾನಿನ ಕಡೆಯ ಮುಖ ಬ್ರೇಕ್ ಹಾಕಿದಾಗ ಹಿಂದಿನಿಂದ ಬರುವ ತಳ್ಳುವಿಕೆಯನ್ನು ತಡೆಯುತ್ತದೆ. ಕಾರಿನ ಕಡೆಯ ಮುಖ ಮಾತ್ರ ಚಪ್ಪಟೆಯಾಗುತ್ತಿದ್ದರೆ, ನಾಲ್ಕು ಪ್ಯಾಡಿನ ಹಿಚ್‌ನಲ್ಲಿ ಮುಂದಿನ ಪ್ಯಾಡ್ ಸವೆದು ಬಟ್ಟಲಿನ ಉಕ್ಕು ಗುಂಡಿಗೆ ತಾಗುತ್ತಿದೆ ಎಂದು ಶಂಕಿಸಬೇಕು. ಎರಡು ಪ್ಯಾಡಿನದರಲ್ಲಿ ಈ ಜಾಗದಲ್ಲಿ ಅಲ್ಪಸ್ವಲ್ಪ ಹೊಳಪು ಅನಿವಾರ್ಯ, ಆದರೆ ಅದು ಬೇಗ ಬೇಗ ಆಳವಾಗುತ್ತಿದ್ದರೆ ನಡುವೆ ಮರಳೋ ತುಕ್ಕೋ ಸೇರಿದೆ.

ಕ್ಯಾರವಾನಿನ ಕಡೆಯ ಮುಖದಲ್ಲಿ ನಯವಾದ ಸವೆತಕ್ಕಿಂತ ತಗ್ಗಿನಂಥ, ಜಜ್ಜಿದಂಥ ಗುರುತು ಇದ್ದರೆ ಹಿಚ್‌ನಷ್ಟಕ್ಕೇ ನಿಲ್ಲದೆ ಅದರ ಹಿಂದಕ್ಕೂ ನೋಡಬೇಕು. ಕ್ಯಾರವಾನಿನ ತಳ್ಳುವಿಕೆಯಿಂದಲೇ ಹಿಡಿಯುವ ಓವರ್‌ರನ್ ಬ್ರೇಕಿನ ಡ್ಯಾಂಪರ್, ಅಂದರೆ ಗುದ್ದನ್ನು ತಗ್ಗಿಸುವ ಭಾಗ, ಸತ್ತುಹೋಗಿದ್ದರೆ ಅಥವಾ ಬ್ರೇಕಿನ ಹೊಂದಾಣಿಕೆ ಸಡಿಲವಾಗಿದ್ದರೆ, ಕಾರು ನಿಧಾನವಾದಾಗಲೆಲ್ಲ ಕ್ಯಾರವಾನ್ ಮುಂದಕ್ಕೆ ನುಗ್ಗಿ ಗುಂಡಿಗೆ ಗುದ್ದುತ್ತದೆ. ಹೀಗಿರುವಾಗ ಹೊಸ ಗುಂಡು ಹಾಕಿದರೂ ಅದೇ ಗತಿ. ಡ್ಯಾಂಪರ್ ಪರೀಕ್ಷಿಸಲು ಕ್ಯಾರವಾನಿನ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಟ್ಟು, ಹಿಚ್‌ನ ತಲೆಯನ್ನು ಎರಡೂ ಕೈಗಳಿಂದ ಹಿಂದಕ್ಕೆ ಒತ್ತಿ ಬಿಡಬೇಕು. ಸರಿಯಾದ ಡ್ಯಾಂಪರ್ ಗಟ್ಟಿಯಾಗಿ ವಿರೋಧಿಸಿ ನಿಧಾನವಾಗಿ ಹಿಂತಿರುಗುತ್ತದೆ. ಕೆಟ್ಟದ್ದು ಸಲೀಸಾಗಿ ಒಳಕ್ಕೆ ಹೋಗುತ್ತದೆ, ಇಲ್ಲವೇ ಹೋದಲ್ಲೇ ನಿಲ್ಲುತ್ತದೆ.

ಎಡ ಮತ್ತು ಬಲ ಮಗ್ಗುಲುಗಳಲ್ಲಿ ಅಡ್ಡಡ್ಡ ಗೀರುಗಳಿದ್ದರೆ ತಪ್ಪು ಬಹುತೇಕ ಪ್ಯಾಡುಗಳದ್ದೇ. ಎರಡೂ ಕಡೆ ಸಮನಾಗಿ ಗೀರು ಬಿದ್ದಿದ್ದರೆ ಲೈನಿಂಗ್ ಪೂರ್ತಿ ಸವೆದು ಅದರ ಹಿಂದಿನ ಲೋಹದ ಆಧಾರ ಉಜ್ಜುತ್ತಿದೆ. ಒಂದೇ ಕಡೆ ಒಂಟಿ ಗೀರು ಇದ್ದರೆ ಆ ಬದಿಯ ಪ್ಯಾಡಿನಲ್ಲಿ ಏನೋ ಹುದುಗಿದೆ. ಗುಂಡಿನ ಗೀರು ಎಷ್ಟು ಎತ್ತರದಲ್ಲಿದೆಯೋ ಅದೇ ಎತ್ತರದಲ್ಲಿ ಪ್ಯಾಡಿನ ಮೇಲೆ ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಆ ಕಣ ಕಣ್ಣಿಗೆ ಬೀಳುವುದುಂಟು. ನಾನು ಹಾಗೆ ಹುಡುಕಿ ತೆಗೆದ ಒಂದು ಕಣ ಸಾಸಿವೆಗಿಂತ ಚಿಕ್ಕದಾಗಿತ್ತು, ಪ್ಯಾಡಿನ ಕಪ್ಪು ಮೈಯಲ್ಲಿ ಉಕ್ಕಿನ ಚುಕ್ಕೆಯಂತೆ ಮಿನುಗುತ್ತಿತ್ತು. ಅದು ಕೊರೆದ ಗೀರು ಮಾತ್ರ ಗುಂಡಿನ ಕಾಲುಭಾಗ ಸುತ್ತಿಕೊಂಡಿತ್ತು. ಸೂಜಿಯ ಮೊನೆಯಿಂದ ಅದನ್ನು ಎಬ್ಬಿಸಿ ತೆಗೆದ ಮೇಲೆ ಗೀರು ಮುಂದೆ ಬೆಳೆಯಲಿಲ್ಲ.

ಗುಂಡಿನ ನೆತ್ತಿಯ ಸುತ್ತ ಉಂಗುರದಂತೆ ಸವೆತ ಬಂದಿದ್ದರೆ ಅದು ಮುಂತೂಕದ, ಅಂದರೆ ಹಿಚ್ ಗುಂಡಿನ ಮೇಲೆ ನೇರವಾಗಿ ಹೇರುವ ಭಾರದ ಗುರುತು. ಈ ಉಂಗುರ ಒಂದು ಕಡೆಗೆ ವಾಲಿದ್ದರೆ, ಎಂದರೆ ಮುಂದೆ ಕೆಳಗಿಳಿದು ಹಿಂದೆ ಮೇಲೇರಿದ್ದರೆ ಅಥವಾ ಅದರ ತಿರುವುಮುರುವಾಗಿದ್ದರೆ, ಕ್ಯಾರವಾನ್ ಮಟ್ಟಸವಾಗಿ ಎಳೆಯಲ್ಪಡುತ್ತಿಲ್ಲ.

ಇನ್ನು ಗುಂಡಿನ ಮೈತುಂಬ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಕುಳಿಗಳಿದ್ದರೆ ಅದು ಸವೆತವಲ್ಲ, ತುಕ್ಕು. ಆದರೆ ಇಂದಿನ ತುಕ್ಕೇ ನಾಳಿನ ಸವೆತಕ್ಕೆ ಕಾರಣ. ಕುಳಿಯಂಚುಗಳು ಪ್ಯಾಡನ್ನು ಕೆರೆದು ತಿನ್ನುತ್ತವೆ, ಉದುರಿದ ತುಕ್ಕಿನ ಪುಡಿ ಪ್ಯಾಡಿನೊಳಗೆ ಸೇರಿ ಮತ್ತೆ ಗುಂಡನ್ನು ಉಜ್ಜುತ್ತದೆ.

ಗುಂಡಿನ ಮೇಲೆ ಏನೂ ಇಲ್ಲದೆ ಅದರ ಕತ್ತಿನಲ್ಲೋ ಬೋಲ್ಟ್ ಹಾಕಿದ ಫಲಕದಲ್ಲೋ ಹೊಸ ಪೆಟ್ಟಿನ ಗುರುತುಗಳು ಕಂಡರೆ, ತಿರುವಿನಲ್ಲಿ ಹಿಚ್‌ನ ಮೂತಿ ಅಲ್ಲಿಗೆ ತಾಗುತ್ತಿದೆ. ಸ್ಟೆಬಿಲೈಸರ್‌ನ ತಲೆ ಸಾಮಾನ್ಯ ಕಪ್ಲಿಂಗಿಗಿಂತ ದಪ್ಪ. ಬೋಲ್ಟ್ ಹಾಕುವ ಬಗೆಯ ಟೋಬಾರಿಗೆ ಉದ್ದ ಕತ್ತಿನ ಗುಂಡು ಬೇಕಾಗುವುದು ಇದಕ್ಕಾಗಿಯೇ. ಹಂಸದ ಕತ್ತಿನಂತೆ ಬಾಗಿದ ಟೋಬಾರಿನಲ್ಲಿ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ.

ಸದ್ದು ಏನು ಹೇಳುತ್ತದೆ

ತಿರುವಿನಲ್ಲಿ ಕಿರ್ರೆನ್ನುವ, ಹಳೆಯ ಬಾಗಿಲು ತೆರೆದಂಥ ಸದ್ದು ಬಂದರೆ ಗುಂಡಿನ ಮೇಲೆ ಬಣ್ಣ, ಎಣ್ಣೆ ಅಥವಾ ಕೊಳೆ ಇದೆ, ಇಲ್ಲವೇ ಪ್ಯಾಡಿನ ಮುಖ ಗಾಜಿನಂತೆ ಗಟ್ಟಿಯಾಗಿದೆ. ಇದು ಅಪಾಯದ ಸದ್ದಲ್ಲ, ಶುಚಿಮಾಡೆಂಬ ಕರೆ. ಸದ್ದನ್ನು ಅಡಗಿಸಲು ಒಂದು ತೊಟ್ಟು ಎಣ್ಣೆ ಬಿಡುವವರಿದ್ದಾರೆ. ಸದ್ದು ನಿಲ್ಲುತ್ತದೆ, ಆದರೆ ಅದರೊಂದಿಗೆ ಹಿಚ್‌ನ ಹಿಡಿತವೂ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದಾಗ ಕ್ಯಾರವಾನಿನ ತೂಗಾಟವನ್ನು ತಡೆಯುವುದು ಆ ಒಣ ಘರ್ಷಣೆಯೇ.

ಹೊರಡುವಾಗ ಮತ್ತು ನಿಲ್ಲುವಾಗ ‘ಟಕ್’ ಎಂಬ ಒಂಟಿ ಪೆಟ್ಟು ಕೇಳಿಸುವುದು ಬೇರೆಯದೇ ವಿಷಯ. ಅದು ಗುಂಡು ಮತ್ತು ಬಟ್ಟಲಿನ ನಡುವಿನ ಸಡಿಲದಿಂದ ಬರಬಹುದು, ಹಿಚ್‌ನ ಹಿಂದೆ ಒಳಹೊರಗೆ ಜಾರುವ ಓವರ್‌ರನ್ ದಂಡದಿಂದ ಬರಬಹುದು, ಕಳಚಿಡುವ ಬಗೆಯ ಟೋಬಾರಾದರೆ ಅದು ಕೂರುವ ತೂತಿನ ಸಡಿಲದಿಂದಲೂ ಬರಬಹುದು. ಸಮತಟ್ಟಾದ ನೆಲದಲ್ಲಿ ಕಾರಿಗೂ ಕ್ಯಾರವಾನಿಗೂ ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಒಬ್ಬರು ಕ್ಯಾರವಾನಿನ ಮುಂಭಾಗವನ್ನು ಹಿಡಿದು ಹಿಂದುಮುಂದಾಗಿ ಅಲುಗಿಸುತ್ತಿರಲು ಇನ್ನೊಬ್ಬರು ಬೆರಳ ತುದಿಯನ್ನು ಎರಡು ಭಾಗಗಳು ಕೂಡುವ ಗೆರೆಯ ಮೇಲೆ, ಸಿಕ್ಕಿಕೊಳ್ಳದಂತೆ ಹೊರಗಿನಿಂದ ಇಟ್ಟು ನೋಡಬೇಕು. ಹಿಚ್ ಮತ್ತು ಗುಂಡಿನ ಕತ್ತಿನ ನಡುವೆ, ಆಮೇಲೆ ಟೋಬಾರ್ ಮತ್ತು ಅದರ ತೂತಿನ ನಡುವೆ, ಕೊನೆಗೆ ದಂಡದ ಬಳಿ, ಹೀಗೆ ಒಂದೊಂದನ್ನೇ ಮುಟ್ಟಿ ನೋಡಿದರೆ ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತದೆ.

ತಪ್ಪು ಗುಂಡಿನದೋ ಹಿಚ್‌ನದೋ

ಹೆಚ್ಚಿನ ಸ್ಟೆಬಿಲೈಸರ್‌ಗಳಲ್ಲಿ ಹಸಿರು ಮತ್ತು ಕೆಂಪು ಗುರುತಿನ ಸೂಚಕವಿರುತ್ತದೆ. ಜೋಡಿಸಿದ ಮೇಲೆ ಅದು ಕೆಂಪನ್ನು ತೋರಿಸಿದರೆ ಮೂರು ಸಾಧ್ಯತೆಗಳಿವೆ. ಜೋಡಣೆ ಸರಿಯಾಗಿ ಕೂತಿಲ್ಲ, ಗುಂಡು ಸವೆದಿದೆ, ಅಥವಾ ಹಿಚ್ ಇಲ್ಲವೇ ಅದರ ಪ್ಯಾಡುಗಳು ಸವೆದಿವೆ. ಒಮ್ಮೆ ಕಳಚಿ ಮತ್ತೆ ಜೋಡಿಸಿದರೂ ಅದೇ ಕಂಡರೆ, ಅಳತೆ ಗೊತ್ತಿರುವ ಇನ್ನೊಂದು ಒಳ್ಳೆಯ ಗುಂಡಿಗೆ ಇದೇ ಹಿಚ್ ಜೋಡಿಸಿ ನೋಡುವುದು ಅತ್ಯಂತ ನೇರವಾದ ಪರೀಕ್ಷೆ. ಅಲ್ಲಿ ಸೂಚಕ ಹಸಿರಿಗೆ ಬಂದರೆ ನಿಮ್ಮ ಗುಂಡು ಸವೆದಿದೆ. ಅಲ್ಲಿಯೂ ಕೆಂಪೇ ಇದ್ದರೆ ಹಿಚ್ ಬಿಚ್ಚಬೇಕು. ಸೂಚಕ ಕೆಂಪಿರುವಾಗ ರಸ್ತೆಗೆ ಇಳಿಯುವ ಮಾತೇ ಇಲ್ಲ.

ಪ್ಯಾಡುಗಳ ಸವೆತಕ್ಕೆ ಬೇರೆ ಗುರುತುಗಳಿರುತ್ತವೆ. ಅವು ಎಲ್ಲಿವೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ನಿಮ್ಮ ಹಿಚ್‌ನ ಕೈಪಿಡಿಯನ್ನೇ ನೋಡಬೇಕು. ಹಿಡಿಕೆಯ ಬಿಗಿಯೂ ಒಂದು ಸುಳಿವು. ಮುಂಚೆ ಮೈಭಾರ ಹಾಕಿ ಒತ್ತಬೇಕಾಗಿದ್ದ ಹಿಡಿಕೆ ಈಗ ಒಂದೇ ಕೈಯಲ್ಲಿ ಸಲೀಸಾಗಿ ಕೆಳಗಿಳಿಯುತ್ತಿದ್ದರೆ ಪ್ಯಾಡುಗಳು ತೆಳುವಾಗಿವೆ ಅಥವಾ ಗುಂಡು ಸಣ್ಣದಾಗಿದೆ.

ಶುಚಿಮಾಡುವ ಕ್ರಮ

ಸವೆತ ತಡೆಯುವ ಕೆಲಸದಲ್ಲಿ ನೂರಕ್ಕೆ ತೊಂಬತ್ತು ಪಾಲು ಇದೇ ಎಂದು ನಾನು ನಂಬಿದ್ದೇನೆ, ಆದ್ದರಿಂದ ಇದನ್ನು ಸಾವಧಾನವಾಗಿ ಹೇಳುತ್ತೇನೆ.

ಹೊಸ ಗುಂಡಿಗೆ ಕಾರ್ಖಾನೆಯಲ್ಲಿ ಬಣ್ಣ ಬಳಿದಿದ್ದರೆ ಅದನ್ನು ಮೊದಲ ಪ್ರಯಾಣಕ್ಕೆ ಮುಂಚೆಯೇ ತೆಗೆಯಬೇಕು. ಬಿಟ್ಟರೆ ಪ್ಯಾಡಿನ ಬಿಸಿಗೆ ಅದು ಸುಲಿದು ಪ್ಯಾಡಿನ ಮುಖಕ್ಕೆ ಮೆತ್ತಿಕೊಳ್ಳುತ್ತದೆ. 200ರಿಂದ 240ರ ದರ್ಜೆಯ ಉಜ್ಜುಕಾಗದವನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಗುಂಡಿನ ಸುತ್ತ ಹಾಕಿ, ಎರಡೂ ತುದಿಗಳನ್ನು ಹಿಡಿದು ಬೂಟು ಪಾಲಿಶ್ ಮಾಡುವಂತೆ ಎಡಬಲಕ್ಕೆ ಎಳೆಯುತ್ತ, ಆಗಾಗ ನಿಂತ ಜಾಗ ಬದಲಿಸಬೇಕು. ಹೀಗೆ ಮಾಡಿದರೆ ಗುಂಡಿನ ದುಂಡು ಕೆಡುವುದಿಲ್ಲ. ಗ್ರೈಂಡರ್ ಯಂತ್ರವನ್ನು ಮಾತ್ರ ತಾಗಿಸಬಾರದು. ಅದು ಕ್ಷಣಾರ್ಧದಲ್ಲಿ ಚಪ್ಪಟೆ ಮಚ್ಚೆಗಳನ್ನು ಮೂಡಿಸುತ್ತದೆ, ಆ ಉಕ್ಕು ಮತ್ತೆ ಬರುವುದಿಲ್ಲ.

ಬಣ್ಣ ಹೋದ ಮೇಲೆ ಬ್ರೇಕ್ ಕ್ಲೀನರ್ ಅಥವಾ ಸ್ಪಿರಿಟ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಬಿಳಿಯದೇ ಆಗಿರಬೇಕೆಂದು ಹೇಳುವುದಕ್ಕೆ ಕಾರಣವಿದೆ: ಕಪ್ಪು ಕಲೆ ಬಂದರೆ ಪ್ಯಾಡಿನ ಪುಡಿ, ಕಂದುಗೆಂಪು ಬಂದರೆ ತುಕ್ಕು, ಹಳದಿ ಮಿಶ್ರಿತ ಜಿಡ್ಡು ಬಂದರೆ ಗ್ರೀಸ್. ಬಟ್ಟೆಯ ಮಡಿಕೆ ಬದಲಿಸುತ್ತ, ಕೊನೆಯ ಮಡಿಕೆ ಬೆಳ್ಳಗೆ ಉಳಿಯುವವರೆಗೆ ಒರೆಸಬೇಕು. ಡೀಸೆಲ್, ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೆಲ್ಲ ಜಿಡ್ಡಿನ ಪೊರೆಯನ್ನು ಹಿಂದೆ ಬಿಡುವುದರಿಂದ ಈ ಕೆಲಸಕ್ಕೆ ಬರುವುದಿಲ್ಲ.

ಪ್ಯಾಡಿನ ಮುಖ ಹೊಳೆಯುತ್ತಿದ್ದರೆ ಅದೇ ದರ್ಜೆಯ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ, ಹೊಳಪು ಮಾಸಿ ಮಂಕಾದೊಡನೆ ನಿಲ್ಲಿಸಬೇಕು. ಲೈನಿಂಗ್ ಪುಡಿಯನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ತೆಗೆಯಬೇಕು. ಗ್ರೀಸ್ ಒಳಕ್ಕೆ ಇಳಿದ ಪ್ಯಾಡನ್ನು ಎಷ್ಟು ಉಜ್ಜಿದರೂ ಬಿಸಿಯಾದಾಗ ಅದು ಮತ್ತೆ ಜಿಡ್ಡು ಬಿಡುತ್ತದೆ. ಅಂಥದ್ದನ್ನು ಬದಲಿಸುವುದೇ ಸರಿ, ಅದೂ ಒಂದನ್ನಲ್ಲ, ಇಡೀ ಜೊತೆಯನ್ನು. ಹೊಸ ಪ್ಯಾಡುಗಳನ್ನು ಕೊರಕಲು ಬಿದ್ದ ಹಳೆಯ ಗುಂಡಿಗೆ ಜೋಡಿಸುವುದು ದಂಡ. ಕೆಲವೇ ಪ್ರಯಾಣಗಳಲ್ಲಿ ಪ್ಯಾಡು ಅದೇ ಕೊರಕಲಿನ ಆಕಾರಕ್ಕೆ ಬರುತ್ತದೆ.

ಬಣ್ಣವೂ ಎಣ್ಣೆಯೂ ಇಲ್ಲದ ಬೆತ್ತಲೆ ಉಕ್ಕು ಒಂದೇ ರಾತ್ರಿಯ ತೇವಕ್ಕೆ ಕಂದಾಗುತ್ತದೆ. ಆದ್ದರಿಂದ ಒಣಗಿದ ಗುಂಡಿಗೆ ಮುಚ್ಚಳ ಹಾಕಿಡಬೇಕು. ಒಳಗೆ ಹಳೆಯ ಗ್ರೀಸ್ ಮೆತ್ತಿರುವ ಮುಚ್ಚಳ ಬೇಡ, ಎಲ್ಲ ಶ್ರಮವೂ ಅಲ್ಲಿಗೇ ವ್ಯರ್ಥವಾಗುತ್ತದೆ. ಇದೇ ಗುಂಡಿಗೆ ಸಾಮಾನು ಟ್ರೇಲರನ್ನೋ ದೋಣಿಯ ಟ್ರೇಲರನ್ನೋ ಕಟ್ಟುವ ಅಭ್ಯಾಸವಿದ್ದರೆ ಆ ಕಪ್ಲಿಂಗಿನಲ್ಲಿರುವ ಗ್ರೀಸ್ ಗುಂಡಿಗೆ ಅಂಟಿರುತ್ತದೆ; ಕ್ಯಾರವಾನ್ ಕಟ್ಟುವ ಮುನ್ನ ಪ್ರತಿ ಬಾರಿಯೂ ಒರೆಸಲೇಬೇಕು. ಪ್ಯಾಡಿಗೆ ಗ್ರೀಸ್ ಹತ್ತಿದ ಪ್ರಕರಣಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಎತ್ತರ, ಭಾರ, ತಿರುವು

ಯುರೋಪಿನ ನಿಯಮದಂತೆ ಹೊರೆ ತುಂಬಿದ ಕಾರಿನಲ್ಲಿ ಗುಂಡಿನ ನಡುಬಿಂದು ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು. ಖಾಲಿ ಕಾರಿನಲ್ಲಿ ಅಳೆದು ತೃಪ್ತಿಪಡಬಾರದು. ಸಾಮಾನು ತುಂಬಿ, ಜನ ಕೂತು, ಕ್ಯಾರವಾನ್ ಜೋಡಿಸಿದ ಮೇಲೆ ಹಿಂಬದಿ ಎಷ್ಟು ತಗ್ಗುತ್ತದೆ ಎಂದು ನೋಡಬೇಕು. ಕ್ಯಾರವಾನ್ ಮೂತಿ ತಗ್ಗಿಸಿಯೋ ಎತ್ತಿಯೋ ಸಾಗಿದರೆ ಪ್ಯಾಡುಗಳು ಗುಂಡಿನ ನಡುಸುತ್ತನ್ನು ಬಿಟ್ಟು ಓರೆಯಾಗಿ ಹಿಡಿಯುತ್ತವೆ, ಸವೆತವೂ ಓರೆಯಾಗುತ್ತದೆ. ಮುಂತೂಕವನ್ನು ತೂಗಿಯೇ ತಿಳಿಯಬೇಕು. ಕಾರು, ಟೋಬಾರ್ ಮತ್ತು ಹಿಚ್ ಈ ಮೂರರ ಮಿತಿಗಳಲ್ಲಿ ಕಡಿಮೆಯದನ್ನು ಮೀರುವಂತಿಲ್ಲ. ಹಾಗೆಂದು ಮುಂತೂಕವನ್ನು ತೀರ ಇಳಿಸಿ ಗುಂಡನ್ನು ಉಳಿಸುತ್ತೇನೆ ಎಂದು ಹೊರಟರೆ ಕ್ಯಾರವಾನ್ ಬಾಲ ಆಡಿಸತೊಡಗುತ್ತದೆ, ಪ್ಯಾಡುಗಳು ಬಿಡುವಿಲ್ಲದೆ ದುಡಿದು ಬೇಗ ಸವೆಯುತ್ತವೆ. ಹೊರೆ ತಪ್ಪಾಗಿ ತುಂಬಿದ ಕ್ಯಾರವಾನನ್ನು ಸರಿಪಡಿಸುವುದು ಸ್ಟೆಬಿಲೈಸರ್‌ನ ಕೆಲಸವಲ್ಲ.

ಸ್ಟೆಬಿಲೈಸರ್‌ಗೆ ಪ್ರತ್ಯೇಕ ಹಿಡಿಕೆ ಇರುವ ಮಾದರಿಯಲ್ಲಿ, ಇಕ್ಕಟ್ಟಿನ ಜಾಗದಲ್ಲಿ ಚೂಪಾದ ಕೋನಕ್ಕೆ ಹಿಂದುಮುಂದೆ ಮಾಡುವಾಗ ಆ ಹಿಡಿಕೆಯನ್ನು ಎತ್ತಿಕೊಂಡರೆ ಪ್ಯಾಡಿಗೂ ಗುಂಡಿಗೂ ಅನಗತ್ಯ ತಿಕ್ಕಾಟ ತಪ್ಪುತ್ತದೆ. ರಸ್ತೆಗೆ ಮರಳುವ ಮುನ್ನ ಅದನ್ನು ಮತ್ತೆ ಒತ್ತಿ ಕೂರಿಸಬೇಕು.

ಬದಲಿಸಿದ ಮೇಲೆ

ಮಿತಿ ದಾಟಿದ ಗುಂಡನ್ನು ಬೆಸುಗೆ ಹಾಕಿ ತುಂಬಿಸುವುದಾಗಲಿ, ಉಜ್ಜಿ ದುಂಡಗೆ ಮಾಡುವುದಾಗಲಿ ಸಲ್ಲದು, ಬದಲಿಸಬೇಕು. ಹಂಸಕತ್ತಿನ ಟೋಬಾರಿನಲ್ಲಿ ಗುಂಡು ಕತ್ತಿನೊಂದಿಗೆ ಒಂದೇ ತುಂಡಾಗಿರುವುದರಿಂದ ಇಡೀ ಕತ್ತನ್ನೇ ಬದಲಿಸಬೇಕಾಗುತ್ತದೆ. ಬೋಲ್ಟ್ ಹಾಕುವ ಬಗೆಯದಾದರೆ ತಯಾರಕರು ಹೇಳಿದ ದರ್ಜೆಯ ಹೊಸ ಬೋಲ್ಟ್‌ಗಳನ್ನೇ ಬಳಸಿ, ಅವರು ಕೊಟ್ಟ ಬಿಗಿಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಹೊಸ ಗುಂಡಿನ ಎಡಬಲದ ಮತ್ತು ಹಿಂದುಮುಂದಿನ ಅಳತೆಗಳನ್ನು ಮೊದಲ ದಿನವೇ ಬರೆದಿಡಿ. ಮೊದಲ ದೂರ ಪ್ರಯಾಣ ಮುಗಿದೊಡನೆ ಮತ್ತೆ ಅಳೆಯಿರಿ. ಎರಡು ಓದುಗಳ ನಡುವೆ ಕ್ಯಾಲಿಪರಿಗೆ ಸಿಗುವಷ್ಟು ವ್ಯತ್ಯಾಸ ಆಗಲೇ ಬಂದಿದ್ದರೆ, ಹಳೆಯ ಗುಂಡನ್ನು ತಿಂದ ಕಾರಣ ಇನ್ನೂ ಹಿಚ್‌ನ ಬಟ್ಟಲಿನಲ್ಲೇ ಇದೆ. ಟಾರ್ಚ್ ಹಿಡಿದು ಪ್ಯಾಡುಗಳ ಮುಖವನ್ನು ಮತ್ತೊಮ್ಮೆ ನೋಡಬೇಕು.